ಕೈಯಲ್ಲಿದ್ದ ಎಳನೀರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಂಕೋಲಾ ಬಸ್ ನಿಲ್ದಾಣದಲ್ಲಿ, ನನ್ನ ಹೆಂಡತಿ ಶಾಲಿನಿ ನನ್ನ ಭುಜಕ್ಕೆ ಒರಗಿದಳು. ಮದುವೆಯಾದ ಆರು ವರ್ಷಗಳಲ್ಲಿ ನಾಲ್ಕು ಜನರೆದುರು ಅವಳು ಹಾಗೆ ಒರಗಿದವಳೇ ಅಲ್ಲ. ನಿಮ್ಮಲ್ಲಿ ಮುಚ್ಚಿಡುವುದೇನು, ಒಂದು ಕ್ಷಣ ನನಗೆ ಖುಷಿಯೇ ಆಯಿತು. ಮರುಕ್ಷಣ ಅವಳು ಜಾರಿ ನೆಲಕ್ಕೆ ಕುಸಿದಳು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಬೆಳಂಬಾರದ ಬಸ್ಸು ತಡವಾಯಿತೆಂದು ಗೊಣಗುತ್ತ ನಾನು ಗಡಿಯಾರವನ್ನೇ ನೋಡುತ್ತಿದ್ದುದು. ಅವಳ ಮುಖವನ್ನು ನೋಡಿರಲಿಲ್ಲ.

ಶಾಲಿನಿಗೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗದ್ದದಲ್ಲಿ ಬೇಡದ ಕೂದಲು, ಕಾರಣವಿಲ್ಲದೆ ಏರುವ ತೂಕ. ಕಾರವಾರದ ಡಾಕ್ಟರಮ್ಮ ಎರಡು ಮಾತ್ರೆ ಬರೆದರು. ಸಕ್ಕರೆ ಹತೋಟಿಯ ಮಾತ್ರೆ ಹೊಟ್ಟೆ ಕೆಡಿಸಿತು, ಕೂದಲು ಕಡಿಮೆ ಮಾಡುವ ಮಾತ್ರೆ ಗಂಟೆಗೊಮ್ಮೆ ಮೂತ್ರಕ್ಕೆ ಓಡಿಸಿತು. ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಪಾಯಖಾನೆ ಒಂದೇ. ಕಚೇರಿಗೆ ಹೊರಡುವ ಹೊತ್ತಿನಲ್ಲಿ ನಾನು ಅದರ ಬಾಗಿಲೆದುರು ಟವೆಲ್ ಹೊದ್ದು ತಪಸ್ಸಿಗೆ ನಿಲ್ಲುತ್ತಿದ್ದೆ. "ಡಾಕ್ಟರಿಗೆ ಒಂದ್ಸಲ ಫೋನ್ ಮಾಡ್ವ ರೀ" ಎಂದಳು ಶಾಲಿನಿ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಪದವೀಧರನಾದ ನಾನು, ಇಷ್ಟಕ್ಕೆಲ್ಲ ಡಾಕ್ಟರೇಕೆ ಎಂದು ನನ್ನೂರು ಬೆಳಂಬಾರಕ್ಕೆ, ಆಯಿಗೆ, ಅಂದರೆ ನನ್ನ ಅಮ್ಮನಿಗೆ ಫೋನ್ ಮಾಡಿದೆ.

"ಇಂಗ್ಲಿಷ್ ಮಾತ್ರೆ ಅಂದ್ರೆ ಉಷ್ಣ ತಮಾ. ಎಳನೀರು ಕುಡ್ಸು. ಎಳನೀರು ಕುಡ್ದು ಸತ್ತವ್ರು ಯಾರಾದ್ರೂ ಇದ್ರೆ ಹೇಳು!" ಎಂದಳು ಆಯಿ.

ನಮ್ಮ ಕಡೆ ಇದು ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಜ್ವರಕ್ಕೆ ಎಳನೀರು, ಬಿಸಿಲಿಗೆ ಎಳನೀರು, ಹೆತ್ತವರು ಬೈದದ್ದಕ್ಕೂ ಎಳನೀರು. ಮರುದಿನವೇ ನನ್ನ ತಮ್ಮ ಊರಿಂದ ಬೈಕಿನ ಮೇಲೆ ಒಂದು ಚೀಲ ಎಳನೀರು ತಂದಿಳಿಸಿದ. ನಾನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಎರಡು ಕೆತ್ತಿ ಕುಡಿಸಿದೆ. ಅಡುಗೆಮನೆಯಲ್ಲಿ ಒಂದು ಲೋಟವನ್ನೂ ಎತ್ತಿಡದ ಗಂಡ ಹೀಗೆ ಸೇವೆಗೆ ನಿಂತದ್ದು ನೋಡಿ ಪಕ್ಕದ ಮನೆಗಳ ಹೆಂಗಸರು ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸಿದರಂತೆ. ಹತ್ತು ದಿನ ಕಳೆಯುವಷ್ಟರಲ್ಲಿ ಶಾಲಿನಿ, "ಕಾಲು ಜೋಂ ಅಂತದೆ ರೀ, ಎದೆ ಒಂಥರಾ ತಪ್ಪಿ ತಪ್ಪಿ ಬಡ್ಕಂತದೆ" ಎಂದಳು. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ವಿವರಿಸಿ ಐದನೆಯದನ್ನು ಕೆತ್ತಿದೆ. ಎರಡು ದಿನ ಆಯಿಯ ಕೈಯೂಟ ಉಂಡರೆ ಸರಿಹೋದಾಳೆಂದು ಆ ಭಾನುವಾರ ಹೊರಟದ್ದು.

ನಿಲ್ದಾಣದಲ್ಲಿ ಜನ ಸೇರಿದರು. ಮೀನು ಬುಟ್ಟಿಯ ಹೆಂಗಸೊಬ್ಬಳು, "ಎಂತ ನೋಡ್ತ್ರಿ? ಎಳನೀರು ಹಾಕ್ರಾ ಬಾಯಿಗೆ!" ಎಂದು ಗದರಿದಳು. ಯಾರೋ ತಂದೂ ಕೊಟ್ಟರು. ಅರ್ಧ ಕುಡಿಸಿ, ಆಟೋ ಹತ್ತಿಸಿ, ಉಳಿದರ್ಧವನ್ನು ಚೆಲ್ಲದಂತೆ ಹಿಡಿದುಕೊಂಡೇ ಆಸ್ಪತ್ರೆ ಹೊಕ್ಕೆ. ಅವಳ ಎದೆಗೆ ವೈರು ಅಂಟಿಸಿದರು. ಯಂತ್ರದಿಂದ ಹೊರಬಂದ ಕಾಗದ ನೋಡಿದ ತರುಣ ಡಾಕ್ಟರ್, ಅವಳ ಚೀಲದಲ್ಲಿದ್ದ ಮಾತ್ರೆಗಳ ಹೆಸರು ಓದಿ, "ಇದು ಬಿಟ್ಟು ಬೇರೆ ಏನಾದ್ರೂ ತಗೊಳ್ತಾರಾ?" ಎಂದು ಕೇಳಿದರು.

"ಏನೂ ಇಲ್ಲ ಸರ್. ಮನೆ ಊಟ ಅಷ್ಟೇ."

ಅವರು ನನ್ನ ಕೈ ನೋಡಿದರು. "ಅದು ಯಾರಿಗೆ?"

"ಅವಳಿಗೇ ಸರ್. ಇನ್ನೂ ಅರ್ಧ ಇದೆ."

"ದಿನಕ್ಕೆಷ್ಟು?"

"ಐದು."

ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಂತೆ ಅವರು ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕಸದ ಡಬ್ಬಿಗೆ ಹಾಕಿದರು. ಕೂದಲಿನ ಮಾತ್ರೆ ಮೈಯಲ್ಲಿ ಪೊಟ್ಯಾಸಿಯಂ ಹಿಡಿದಿಡುತ್ತದೆ, ಎಳನೀರಿನ ತುಂಬ ಇರುವುದೂ ಅದೇ. ಹೊಟ್ಟೆ ಕೆಟ್ಟು ಸೊರಗಿದ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ಸೋತಿದೆ ಎಂದು ವಿವರಿಸಿದರು. "ಇನ್ನೊಂದು ಸ್ವಲ್ಪ ಆಗಿದ್ರೆ ಹಾರ್ಟ್ ನಿಂತೇ ಹೋಗ್ತಿತ್ತು" ಎಂದು ಅವಳಿಗೆ ಸೂಜಿ ಚುಚ್ಚಲು ಓಡಿದರು. ಪೊಟ್ಯಾಸಿಯಂ ಚೂರನ್ನು ನೀರಿಗೆ ಹಾಕಿ, ಅದು ಹೊತ್ತಿಕೊಂಡದ್ದು ನೋಡಿ ಕಾಲೇಜಿನ ಪ್ರಯೋಗಾಲಯದಲ್ಲಿ ಚಪ್ಪಾಳೆ ತಟ್ಟಿದವನು ನಾನು. ನನ್ನ ಕೈ ಈಗ ಖಾಲಿಯಾಗಿತ್ತು, ಆದರೂ ಬೆರಳುಗಳು ಎಳನೀರಿನಷ್ಟೇ ದುಂಡಗೆ ಬಾಗಿ ನಿಂತಿದ್ದವು.

ಮೂರು ದಿನ ಆಸ್ಪತ್ರೆ. ನೋಡಲು ಬಂದ ನೆಂಟರೆಲ್ಲ ಪದ್ಧತಿಯಂತೆ ತಲಾ ಎರಡು ಎಳನೀರು ತಂದರು. ನಾನು ಬಾಗಿಲಲ್ಲೇ ಜಪ್ತಿ ಮಾಡಿದೆ. ಆಯಿ ಬರಿಗೈಯಲ್ಲಿ ಬಂದು ಸೊಸೆಯ ಕಾಲು ತಿಕ್ಕುತ್ತ ಕೂತಳು. ಕೊನೆಗೆ ನನ್ನ ಕಡೆ ತಿರುಗಿ, "ನಾ ಓದದವ್ಳು, ಹೇಳ್ದೆ. ನೀ ಓದ್ದವ ಅಲ್ವನಾ? ಡಾಕ್ಟರಿಗೆ ಒಂದು ಮಾತು ಕೇಳೂಕೆ ಎಂತಾಗಿತ್ತು?" ಎಂದಳು. ಇದಕ್ಕೂ ಮೇಲ್ಮನವಿ ಇರಲಿಲ್ಲ.

ಮನೆಗೆ ಬಂದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಆ ಅರ್ಧ ಎಳನೀರು. ಗಂಟೆಗೊಮ್ಮೆ ಎದ್ದು, ಉಸಿರಿದೆಯೇ ಎಂದು ಶಾಲಿನಿಯ ಮೂಗಿನ ಕೆಳಗೆ ಬೆರಳಿಡುತ್ತಿದ್ದೆ. ಬೆರಳು ತಾಗಿ ಅವಳೂ ಏಳುತ್ತಿದ್ದಳು. ಕಾರವಾರದ ಡಾಕ್ಟರಮ್ಮ ಕೂದಲಿನ ಮಾತ್ರೆ ನಿಲ್ಲಿಸಿ, ಇನ್ನೊಂದನ್ನು ಅರ್ಧಕ್ಕಿಳಿಸಿ ಊಟದ ನಡುವೆ ನುಂಗಲು ಹೇಳಿದರು. ಮುಂದಿನ ವಾರ ರಕ್ತಪರೀಕ್ಷೆ ನೋಡಿ, "ಎಲ್ಲ ಸರಿಯಾಗಿದೆ. ಇನ್ನೇನಾದ್ರೂ ತ್ರಾಸು ಉಂಟಾ?" ಎಂದರು. ಶಾಲಿನಿ ನನ್ನತ್ತ ಬೆರಳು ತೋರಿಸಿದಳು.

ಆ ಶುಕ್ರವಾರ ರಾತ್ರಿ ಮೊದಲ ಬಾರಿಗೆ ನಾನು ಒಮ್ಮೆಯೂ ಏಳದೆ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಗೆ ಬಂದಿತ್ತು. ನನ್ನ ಮೂಗಿನ ಕೆಳಗೆ ಒಂದು ಬೆರಳಿತ್ತು.

"ಇಷ್ಟ್ ಹೊತ್ತು ಮಲಗ್ದವ್ರೇ ಅಲ್ಲ" ಎಂದಳು ಶಾಲಿನಿ, ಬೆರಳು ತೆಗೆಯದೆ. "ಹೆದ್ರಿಕೆ ಆಯ್ತು."