ಸಂಬಳವಿಲ್ಲದ ಯಜಮಾನರು

ತಮ್ಮ ರಜೆ ಅರ್ಜಿಯನ್ನು ತಾವೇ ಬರೆದು, ತಾವೇ ತಿರಸ್ಕರಿಸಿದ ಮಹಾನುಭಾವರೆಂದರೆ ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ! ನಂಬುವುದಿಲ್ಲವೇ? ಜಪಾನಿನ ಕೋಬೆಯಲ್ಲಿ ಅವರ ದೋಸೆ ಅಂಗಡಿಯ ಏಕೈಕ ನೌಕರನಾಗಿದ್ದವನು ನಾನೇ. ಕಣ್ಣಾರೆ ಕಂಡದ್ದು.

ಅವರಿಗೆ ಯಜಮಾನಿಕೆಯೂ ಬೇಕು, ನೌಕರಿಯೂ ಬೇಕು. ತಲೆಗೆ ಟೋಪಿ ಹಾಕಿದರೆ ನೌಕರ, ತೆಗೆದರೆ ಯಜಮಾನ. ತಿಂಗಳ ಕೊನೆಗೆ ಟೋಪಿ ತೆಗೆದು ತಮ್ಮ ಸಂಬಳದ ಲಕೋಟೆಯನ್ನು ಗಲ್ಲಾದ ಮೇಲಿಡುವರು. ಮತ್ತೆ ಟೋಪಿ ಹಾಕಿ, ಎರಡೂ ಕೈಯಿಂದ ಅದನ್ನೆತ್ತಿಕೊಂಡು, ಬಗ್ಗಿ "ಅರಿಗಾತೋ" ಎಂದು ಜಪಾನಿಯಲ್ಲಿ ಧನ್ಯವಾದ ಹೇಳುವರು. ಒಮ್ಮೆ ಮೈಸೂರಿಗೆ ಹೊರಟವರು ಹೋಗಲೇ ಇಲ್ಲ. ಯಾಕೆಂದು ಕೇಳಿದೆ.

"ಯಜಮಾನ್ರು ಒಪ್ಪಲಿಲ್ಲ ಕಣ್ರೀ."

ಇದು ತೆರಿಗೆ ಕಚೇರಿಯವರೆಗೂ ಹೋಯಿತು. ವರ್ಷದ ಲೆಕ್ಕ ಒಪ್ಪಿಸುವಾಗ ಅಂಗಡಿಯ ಖರ್ಚಿನಲ್ಲಿ ತಮ್ಮ ಸಂಬಳವನ್ನೂ ಸೇರಿಸಿದ್ದರು. ಅಲ್ಲಿದ್ದ ಹೆಣ್ಣುಮಗಳು ನಾಲ್ಕು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ ವಿವರಿಸಿದಳು: ಅಂಗಡಿ ನಿಮ್ಮ ಸ್ವಂತ ಹೆಸರಿನಲ್ಲಿದ್ದರೆ ನಿಮಗೆ ಸಂಬಳವೆಂಬುದೇ ಇಲ್ಲ, ಖರ್ಚು ಕಳೆದು ಉಳಿದದ್ದೇ ನಿಮ್ಮ ಆದಾಯ, ತೆರಿಗೆ ಅದಕ್ಕೆ. ಏನೂ ಉಳಿಯದಿದ್ದರೆ ಎಂದು ಇವರು ಕೇಳಿದರು. ಐದನೆಯ ಸುಮಿಮಾಸೆನ್!

ಅಲ್ಲಿಂದ ಪಿಂಚಣಿ ಕಚೇರಿಗೆ. ಅಲ್ಲಿ ತಿಳಿದದ್ದಿಷ್ಟು: ಇಷ್ಟು ಚಿಕ್ಕ ಅಂಗಡಿಗೆ ನೌಕರರ ಪಿಂಚಣಿ ಕಡ್ಡಾಯವಲ್ಲ. ನೌಕರ ಒಪ್ಪಿದರೆ ಸೇರಿಸಬಹುದು; ಅರ್ಧ ಅವನ ಸಂಬಳದಿಂದ, ಇನ್ನರ್ಧ ಯಜಮಾನನ ಜೇಬಿನಿಂದ. ಆದರೆ ಯಜಮಾನ ಸೇರುವಂತಿಲ್ಲ, ಅವನಿಗೆ ಎಲ್ಲರಿಗೂ ಸಿಗುವ ಚಿಕ್ಕ ಪಿಂಚಣಿಯೊಂದೇ. ಷಡ್ಡಕರು ಟೋಪಿ ತೆಗೆದು ಜೇಬಿಗಿಟ್ಟು, ನನ್ನನ್ನು ಸೇರಿಸಿಯೇ ಸೇರಿಸುತ್ತೇನೆಂದು ಹಟ ಹಿಡಿದರು. ಅವರ ಕಾಟ ತಾಳಲಾರದೆ ಒಪ್ಪಿದೆ.

ಹೈಸ್ಕೂಲಿಗೇ ನಿಂತ ನನ್ನ ತಲೆಗೆ ಹೋದದ್ದು ಒಂದೇ: ಕೈಗೆ ಬರುವ ಸಂಬಳ ಕಡಿಮೆಯಾಯಿತು. ಅದಕ್ಕೇ ಈಗ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಕನ್ನಡಿಗರ ಯುಗಾದಿ ಊಟದಲ್ಲಿ, ಬಾಯಿ ಸುಮ್ಮನಿರಬೇಡವೇ, "ನಮ್ಮ ಷಡ್ಕ ತಿಂಗಳಾ ತಿಂಗಳಾ ನನಗೆ ಟೋಪಿ ಹಾಕ್ತಾನೆ" ಎಂದುಬಿಟ್ಟೆ. ಪಂಕ್ತಿಯೆಲ್ಲ ನಕ್ಕಿತು. ತಿರುಗಿದರೆ ಹೋಳಿಗೆ ತಟ್ಟೆ ಹಿಡಿದು ಅವರೇ ನಿಂತಿದ್ದಾರೆ! ನನ್ನ ಎಲೆಗೆ ಎರಡು ಹೋಳಿಗೆ ಬಡಿಸಿದರು.

"ತಿನ್ನಿ. ಇದರಲ್ಲಿ ಕಡಿತ ಇಲ್ಲ."

ಕೆಲಸ ಬಿಟ್ಟ ಮೇಲೆ ನನಗೆ ಆ ಪಿಂಚಣಿ ಬರುತ್ತಿದೆ. ಮನೆ ಬಾಡಿಗೆ, ಔಷಧಿ, ಎಲ್ಲವೂ ಅದರಲ್ಲೇ. ನನಗಿಂತ ದೊಡ್ಡವರಾದ ಷಡ್ಡಕರು ಮಾತ್ರ ಇನ್ನೂ ಹಂಚಿನ ಮುಂದೆ ನಿಂತಿದ್ದಾರೆ. ಚಿಕ್ಕ ಪಿಂಚಣಿ ಸಾಲದು.

ಹೋದ ವಾರ ಅಂಗಡಿಗೆ ಹೋದೆ. ಕ್ಷಮಿಸಿ ಎನ್ನುವ ಬದಲು, ನಾಳೆಯಿಂದ ಬೆಳಿಗ್ಗೆ ಹೊತ್ತು ದೋಸೆ ನಾನು ಹುಯ್ಯುತ್ತೇನೆ, ಸಂಬಳ ಬೇಡ ಎಂದೆ.

ಅವರು ದೋಸೆ ಮಗುಚುತ್ತಲೇ ಹೇಳಿದರು: "ಆಗಲ್ಲ ಕಣ್ರೀ. ಈ ಅಂಗಡೀಲಿ ಸಂಬಳ ಇಲ್ಲದ ಜಾಗ ಒಂದೇ ಇರೋದು. ಅದರಲ್ಲಿ ನಾನಿದೀನಿ."

ಹಾಗೆಂದವರು ಹಂಚಿನ ಮುಂದೆ ಸ್ವಲ್ಪ ಪಕ್ಕಕ್ಕೆ ಸರಿದರು.