ಲಾರಿ ಕುಡಿದ ನೀರು ಮತ್ತು ನೀಲಿ ಮಣಿಯ ವಿಷಯವಾಗಿ

ಮಾನ್ಯ ಲಾರಿ ಮಹಾಶಯರೇ,

ಇಲ್ಲ, ತಪ್ಪೆಲ್ಲ ನನ್ನದೇ ಅಲ್ಲ! ಬೆಳಿಗ್ಗೆಯಿಂದ ಬಾನೆಟ್ ಎತ್ತಿಕೊಂಡು, ಎರಡು ದೀಪ ಅಗಲಿಸಿ ನನ್ನನ್ನು ಹಾಗೆ ನೋಡಬೇಡಿ. ಮೊದಲು ಸಲಾಂ ತೆಗೆದುಕೊಳ್ಳಿ. ತಮ್ಮ ಟೈರುಗಳಿಗೆ ಗಾಳಿ, ಟ್ಯಾಂಕಿಗೆ ಡೀಸೆಲ್, ಅಕಬಾ ಬಂದರಿನಿಂದ ನಮ್ಮ ಮಆನ್ ಊರಿನವರೆಗೆ ಪೊಲೀಸರಿಲ್ಲದ ರಸ್ತೆ ಸದಾ ದೊರೆಯಲಿ ಎಂದು ಹಾರೈಸಿಯೇ ಜಗಳಕ್ಕೆ ಬರುತ್ತೇನೆ. ಈ ಪತ್ರವನ್ನು ಲಾರಿ ಅಡ್ಡೆಯ ಚಹಾ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ತಮಗೆ ಓದು ಬರುವುದಿಲ್ಲ, ನನಗೂ ಬಂದದ್ದು ಅಷ್ಟರಲ್ಲೇ ಇದೆ. ಮೇಷ್ಟ್ರು ಹೊರಗೆ ಹಾಕುವ ಮುಂಚೆಯೇ ನಾನು ಶಾಲೆಯನ್ನು ಹೊರಗೆ ಹಾಕಿದವನು. ಆದರೆ ಅಡ್ಡೆಯ ಉಳಿದ ಡ್ರೈವರುಗಳಿಗೆ ಓದು ಬರುತ್ತದೆ. ಅವರು ಇದನ್ನು ಓದಲೇಬೇಕು.

ತಾವು ಮಾಡಿದ್ದೇನು ಎಂದು ನೆನಪಿಸುತ್ತೇನೆ. ಪ್ರತಿ ಸಲ ನಕಬ್ ಘಾಟಿ ಹತ್ತಿ ಬಂದಾಗಲೂ ತಮ್ಮ ರೇಡಿಯೇಟರಿನ ಹಸಿರು ನೀರು ಸ್ವಲ್ಪ ಇಳಿದಿರುತ್ತಿತ್ತು. ಸ್ವಲ್ಪವೇ. ಒಮ್ಮೆಲೇ ಧಬಧಬ ಸುರಿಸಿದ್ದರೆ ನಾಯಿಗೂ ಗೊತ್ತಾಗುತ್ತಿತ್ತು. ಆದರೆ ತಾವು ಮರ್ಯಾದಸ್ಥರು, ನೆಲದ ಮೇಲೆ ಒಂದು ಹನಿಯನ್ನೂ ಬಿಡಲಿಲ್ಲ. ನಾನು ಹೊಟ್ಟೆ ಅಡಿ ಮಾಡಿ ತಮ್ಮ ಕೆಳಗೆ ಹರಿದಾಡಿದೆ, ರಟ್ಟು ಹಾಸಿ ನೋಡಿದೆ, ಮರಳು ಮೂಸಿದೆ. ಏನೂ ಇಲ್ಲ. ಕ್ಯಾಬಿನ್ ತುಂಬ ಸಿಹಿ ವಾಸನೆ ಬಂದಾಗ, ಅದು ಸಿಯಾಹ್ ಮಾವ ಸೇದುವ ಸೇಬಿನ ಹುಕ್ಕಾದ್ದೆಂದು ತೀರ್ಮಾನಿಸಿ ಪರದೆಗಳನ್ನೆಲ್ಲ ಒಗೆದೆ. ಮುಂದಿನ ಗಾಜಿಗೆ ಒಳಗಡೆ ಜಿಡ್ಡು ಕೂತಾಗ, ನಾನೇ ತಿಂದ ಫಲಾಫೆಲ್ ವಡೆಯ ಎಣ್ಣೆಯೆಂದು ನನ್ನ ಕೈಯನ್ನೇ ಬೈದುಕೊಂಡೆ. ಬಿಸಿಗಾಳಿ ಊದುವ ಹೀಟರಿನ ಕಡೆಯಿಂದ ತಾವು ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ಅರ್ಥ ಮಾಡಿಕೊಳ್ಳದ ನನ್ನಂಥ ಚಾಲಕನನ್ನು ಪಡೆದ ತಮ್ಮ ಅದೃಷ್ಟಕ್ಕೆ ಅಭಿನಂದನೆಗಳು.

ತಮ್ಮ ಯಜಮಾನರೂ ನನ್ನ ಸೋದರಮಾವನೂ ಆದ ಸಿಯಾಹ್, "ಎಂಜಿನ್ ಬಿಚ್ಚಬೇಕು ಅಂದ್ರೆ ನಿನ್ನನ್ನೂ ಬಿಚ್ಚಿ ಪಕ್ಕದಲ್ಲಿ ಇಡ್ತೀನಿ ನೋಡು" ಎಂದರು. ಆಗಲೂ ನಾನು ಹೆದರಲಿಲ್ಲ. ಏಕೆಂದರೆ ಕಾರಣ ನನಗೆ ಗೊತ್ತಿತ್ತು.

ದೃಷ್ಟಿ!

ತಮಗೆ ಹೊಸ ಬಣ್ಣ ಹೊಡೆಸಿದ ವಾರ, ಅಡ್ಡೆಯ ಹಿರಿಯ ಡ್ರೈವರ್ ಅಬು ಖಲಫ್ ತಮ್ಮ ಸುತ್ತ ಒಂದು ಸುತ್ತು ಹಾಕಿ, "ಏನ್ ಗಾಡಿನೋ ಮಗನೇ! ಘಾಟಿ ಹತ್ತಿ ಬಂದ್ರೂ ಒಂದು ತೊಟ್ಟು ನೀರು ಕೇಳಲ್ವಲ್ಲ!" ಎಂದಿದ್ದರು. ಹೊಗಳಿದರು, ಆದರೆ ಮಾಶಾಅಲ್ಲಾಹ್ ಎನ್ನಲಿಲ್ಲ. ಆ ಮಾತು ಬಿಟ್ಟು ಹೊಗಳಿದರೆ ಕಲ್ಲೂ ಸೀಳುತ್ತದೆಂದು ನಮ್ಮ ಅಜ್ಜಿ ನನಗೆ ಹಾಲಿನ ಜೊತೆ ಕುಡಿಸಿದ್ದಾಳೆ. ಅಂದು ಸಂಜೆಯೇ ದೃಷ್ಟಿ ತಡೆಯುವ ಒಂದು ನೀಲಿ ಮಣಿ ತಂದೆ. ಗಾಜಿಗೆ ತೂಗುಹಾಕಿದರೆ ಮಾವ ನಗುತ್ತಾರೆಂದು, ಬಾನೆಟ್ಟಿನೊಳಗೆ, ಹೀಟರಿಗೆ ಹೋಗುವ ರಬ್ಬರ್ ಪೈಪಿಗೆ, ಯಾರಿಗೂ ಕಾಣದ ಮೂಲೆಯಲ್ಲಿ ಕಬ್ಬಿಣದ ತಂತಿಯಿಂದ ಬಿಗಿದೆ. ಸ್ವಲ್ಪ ದಿನಕ್ಕೆ ನೀರು ಇಳಿಯತೊಡಗಿತು. ಒಂದು ಮಣಿ ಸಾಲದೆಂದು ಇನ್ನೊಂದು ಕಟ್ಟಿದೆ. ಮತ್ತೂ ಇಳಿಯಿತು. ದೃಷ್ಟಿ ಬಹಳ ಗಟ್ಟಿಯಾಗಿದೆಯೆಂದು ತಂತಿಯನ್ನು ಇಕ್ಕಳದಿಂದ ಇನ್ನಷ್ಟು ತಿರುಚಿದೆ.

ಆಮೇಲೆ ನನ್ನ ಬಾಯಿಯ ಸರದಿ. ತುಂಬಿದ ಚಹಾ ಅಂಗಡಿಯಲ್ಲಿ ಎದ್ದು ನಿಂತು ಕೂಗಿದೆ: "ಅಬು ಖಲಫ್ ಚಿಕ್ಕಪ್ಪ, ನಿಮ್ಮ ಕಣ್ಣೇ ತಾಗಿದ್ದು! ಒಂದು ಮಾಶಾಅಲ್ಲಾಹ್ ಅನ್ನೋಕೆ ನಾಲಿಗೆಗೇನು ಬಂದಿತ್ತು?"

ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ನನಗೆ ಗೇರ್ ಹಾಕುವುದು ಕಲಿಸಿದವರು ಅವರು. ಅರ್ಧ ಕುಡಿದ ಚಹಾ ಕೆಳಗಿಟ್ಟರು. "ನನ್ನ ಕಣ್ಣು ಗಾಡಿ ಮೇಲೆ ಇರ್ಲಿಲ್ಲ ಕಣೋ. ಅದನ್ನ ಓಡಿಸ್ತಿದ್ದವನ ಮೇಲಿತ್ತು" ಎಂದು ಎದ್ದು ಹೋದರು. ಆವತ್ತಿನಿಂದ ಅವರ ಲಾರಿಯ ಪಕ್ಕದಲ್ಲಿ ಯಾರೂ ಲಾರಿ ನಿಲ್ಲಿಸುವುದಿಲ್ಲ. ಅವರು ಬರುವುದು ಕಂಡರೆ ಒಬ್ಬನಂತೂ ತನ್ನ ಹೊಸ ಟೈರಿನ ಮೇಲೆ ಗೋಣಿ ಎಳೆಯುತ್ತಾನೆ. ಅವರು ಈಗ ಚಹಾ ಅಂಗಡಿಗೇ ಬರುವುದಿಲ್ಲ.

ಇಂದು ಬೆಳಿಗ್ಗೆ ಗ್ಯಾರೇಜಿನ ಮೇಸ್ತ್ರಿ ಜಿರ್ಯಿಸ್ ತಮ್ಮ ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ, ತಣ್ಣಗಿರುವ ಎಂಜಿನ್ನಿಗೆ ಗಾಳಿ ಒತ್ತಿದರು. ಪಂಪಿನ ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು. "ಎಲ್ಲೋ ಪಿಸುಗುಡ್ತಿದೆ. ತಲೆ ಒಳಗೆ ಹಾಕು, ಕಿವಿ ಕೊಡು" ಎಂದರು. ಕಿವಿ ಕೊಟ್ಟೆ. ತಾವು ನೇರವಾಗಿ ನನ್ನ ಎಡಗಣ್ಣಿಗೆ ಹೊಡೆದಿರಿ. ದಾರದಷ್ಟು ತೆಳ್ಳಗಿನ ಹಸಿರು ಚಿಲುಮೆ, ತಂತಿ ಕೊರೆದ ತೂತಿನಿಂದ, ನೀಲಿ ಮಣಿಗಳ ನಡುವಿನಿಂದ! ಓಡುವಾಗ ಅದು ಕಾದ ಹೊಗೆಕೊಳವೆಯ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತಂತೆ, ಅದಕ್ಕೇ ನೆಲಕ್ಕೆ ಹನಿ ಇಲ್ಲ; ಕ್ಯಾಬಿನ್ನಿನ ಸಿಹಿ ವಾಸನೆ, ಗಾಜಿನ ಜಿಡ್ಡು ಎಲ್ಲ ಆ ಆವಿಯದೇ. ಜಿರ್ಯಿಸ್ ಮಣಿಗಳನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿ, "ನಿನ್ನ ಗಾಡಿಗೆ ಯಾರ ದೃಷ್ಟಿನೂ ಬೇಕಿಲ್ಲ ಬಿಡು, ನೀನಿದ್ದೀಯಲ್ಲ" ಎಂದರು. ಮಾವ ನಕ್ಕರು, ನಗುತ್ತಲೇ ಇದ್ದಾರೆ.

ಆದ್ದರಿಂದ ಮಹಾಶಯರೇ, ನನ್ನ ವಿನಂತಿ ಒಂದೇ. ನಮ್ಮಲ್ಲಿ ಕ್ಷಮೆ ಕೇಳಲು ಯಾರೂ ಒಬ್ಬರೇ ಹೋಗುವುದಿಲ್ಲ. ತೂಕವಿರುವ ಹಿರಿಯರನ್ನು ಮುಂದಿಟ್ಟುಕೊಂಡು ಹೋಗಬೇಕು, ಮನೆಯವರು ಕೊಟ್ಟ ಕಾಫಿಯನ್ನು ಅವರು "ಕೇಳಿದ್ದು ಕೊಟ್ಟೆ" ಎಂದು ಕ್ಷಮಿಸುವವರೆಗೆ ತುಟಿಗೆ ಸೋಕಿಸಬಾರದು. "ನಿನ್ನ ಬಾಯಿಗೆ ನಾನ್ಯಾಕೆ ಜಾಮೀನು?" ಎಂದು ಮಾವ ಬರಲೊಪ್ಪಲಿಲ್ಲ. ನನ್ನ ಪರಿಚಯದವರಲ್ಲಿ ತಮ್ಮಷ್ಟು ತೂಕದವರು ಬೇರಿಲ್ಲ. ಅಬು ಖಲಫ್ ಬಾಗಿಲಲ್ಲಿ ತಾವು ನಿಂತು, ಎರಡು ಸಲ ಹಾರ್ನ್ ಮಾಡಿ, ನಡೆದದ್ದನ್ನು ಹೇಳಬೇಕು. ಅವರು ಕ್ಷಮಿಸುವವರೆಗೆ ಒಂದು ತೊಟ್ಟನ್ನೂ ಕುಡಿಯಬಾರದು. ಇಷ್ಟು ದಿನ ಕುಡಿದಿದ್ದೀರಿ, ಸಾಕು.

ಆಗುವುದಿಲ್ಲವೇ? ಪೈಪು ಬಿಚ್ಚಿದೆಯೇ? ಹೊಸದು ಅಮ್ಮಾನಿನಿಂದ ಬರಬೇಕೇ? ಸರಿ. ತಮ್ಮನ್ನು ನಂಬಿದ್ದೂ ನನ್ನ ಬುದ್ಧಿಗೆ ತಕ್ಕುದೇ. ನಾನೊಬ್ಬನೇ ನಡೆದು ಹೋಗುತ್ತೇನೆ. ಅಡ್ಡೆಯ ಅಣ್ಣಂದಿರೇ, ನೀವೆಲ್ಲ ಓದಿದಿರಲ್ಲ? ಅಬು ಖಲಫ್ ಅವರ ಕಣ್ಣಿನಲ್ಲಿ ಏನೂ ಇಲ್ಲ, ತಂತಿ ನನ್ನದು. ನಾಳೆ ಅವರ ಲಾರಿಯ ಪಕ್ಕದಲ್ಲಿ ಜಾಗ ಖಾಲಿ ಇದ್ದರೆ ಇದೇ ಗೋಡೆಗೆ ನಿಮ್ಮ ಹೆಸರೂ ಬರುತ್ತದೆ.

ತಮ್ಮ ವಿಶ್ವಾಸಿ, ಒಂದು ಕಣ್ಣು ಊದಿಕೊಂಡವ,
ರಾಕಾನ್

ತಾ.ಕ.: ಕಾಫಿ ಕುಡಿಯಲು ಸಿಕ್ಕರೆ ಬಂದು ಹೇಳುತ್ತೇನೆ. ಇಕೋ, ಈಗ ನಾನು ಇಳಿದು ಹೊರಟಾಗ ಬಡಿದದ್ದು ತಮ್ಮ ಬಾಗಿಲು. ಗಾಜು ಉದುರಿದ್ದರೆ ಅದು ಯಾರ ದೃಷ್ಟಿಯೂ ಅಲ್ಲ, ನಾನೇ.