ಪೋಲ್ಯಾಳ ಒಲೆಗೆ ಪರವಾನಗಿ

ಇಷ್ಟಕ್ಕೆಲ್ಲ ಮೂಲ ಗೇನ್ಯಾ ಒಣಹಾಕಿದ್ದ ಹಾಸಿಗೆ ಬಟ್ಟೆ. ಒಗೆದು, ನೀಲಿ ಹಾಕಿ, ಬೇಲಿ ಪಕ್ಕದ ಹಗ್ಗಕ್ಕೆ ಹರವಿ ಅವಳು ಒಳಗೆ ಹೋಗಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಇಗ್ನಾತ್ಸಿ ಒಲೆಗೆ ಹಸಿ ಪೈನ್ ಕೊರಡು ತುರುಕಿದ. ಗೇನ್ಯಾ ಮತ್ತೆ ಹೊರಗೆ ಬರುವಷ್ಟರಲ್ಲಿ ಬಟ್ಟೆಗಳೆಲ್ಲ ಇಲಿಯ ಬಣ್ಣಕ್ಕೆ ತಿರುಗಿದ್ದವು. ಅವಳು ಅವನ್ನು ಒಳಗೆ ಕೂಡ ಒಯ್ಯಲಿಲ್ಲ. ಹಾಗೇ ಕಂಕುಳಲ್ಲಿ ಅವುಚಿಕೊಂಡು ನೆಟ್ಟಗೆ ಪಂಚಾಯಿತಿಗೆ ನಡೆದಳು.

ಪಂಚಾಯಿತಿಯವರು ಹೇಳಿಕಳಿಸಿದರು: ಮಾರ್ಚ್ ಇಪ್ಪತ್ತೈದರ ಮಂಗಳವಾರ್ತೆ ಹಬ್ಬದ ದಿನ ಅಧಿಕಾರಿ ಬರುತ್ತಾರೆ. ಒಲೆ ಹೊಗೆಯಿಲ್ಲದೆ ಉರಿದರೆ ಪರವಾನಗಿ. ಹೊಗೆ ಬಂದರೆ ಒಲೆ ಒಡೆಸಬೇಕು.

ಒಲೆ ಒಡೆಸುವುದು! ಹಸಿರು ಹೆಂಚು ಹೊದ್ದು, ಇಡೀ ಮನೆಯನ್ನು ಬೆಚ್ಚಗಿಡುತ್ತ, ಮಾಳಿಗೆಗೆ ತಲೆ ತಾಗಿಸಿ ನಿಂತಿದ್ದ ಆ ಒಲೆ ಇಗ್ನಾತ್ಸಿಯ ಪಾಲಿಗೆ ಮನೆಯ ಸಾಮಾನಲ್ಲ, ಮನೆಯ ಮನುಷ್ಯ. ಅದರ ಗೂಡಿನಲ್ಲಿ ಅವನ ಹೆಂಡತಿ ಪೋಲ್ಯಾ ಸೇಬು ಸುಡುತ್ತಿದ್ದಳು. ಅದರ ಮೇಲೆ ದಾರಕ್ಕೆ ಪೋಣಿಸಿದ ಅಣಬೆ ಒಣಗುತ್ತಿದ್ದವು. ಅವನು ಡೇರಿಗೆ ಹೊರಡುವ ಮುಂಚೆ ಅವಳು ಟೋಪಿಯನ್ನು ಒಲೆಗೆ ತಾಗಿಸಿಟ್ಟು, ಬಿಸಿಬಿಸಿಯಾಗಿ ಅವನ ತಲೆಗೆ ತೊಡಿಸುತ್ತಿದ್ದಳು. ಅವಳು ತೀರಿಹೋದ ಮೇಲೆ ಚಳಿ ಹೊತ್ತಿನಲ್ಲಿ ಅವನು ಬೆನ್ನು ಆನಿಸಿ ಕೂರಲು ಉಳಿದಿದ್ದು ಅದೊಂದೇ.

ಆ ದಂಪತಿಗಳ ನಡುವೆ ಜಗಳ ಅಂತ ಇದ್ದದ್ದೂ ಒಂದೇ, ಕೊಕ್ಕರೆಯ ವಿಷಯಕ್ಕೆ. ಕೊಕ್ಕರೆ ಕೂತ ಮನೆಗೆ ಸಿಡಿಲು ಬಡಿಯದು, ಕೇಡು ತಟ್ಟದು ಎಂದು ಪೋಲ್ಯಾ ಹಟ ಮಾಡಿ, ಚಿಮಣಿಯ ಮೇಲೆ ಕಬ್ಬಿಣದ ಕಾಲು ನೆಡಿಸಿ ಹಳೇ ಗಾಡಿಚಕ್ರ ಕೂರಿಸಿದ್ದಳು. ಕೊಕ್ಕರೆಗಳು ಊರಿಗೆ ಮರಳುವ ಹೊತ್ತೆಂದು ಪ್ರತಿ ಮಂಗಳವಾರ್ತೆಗೂ ಕೊಕ್ಕರೆಯ ಪಾದದಾಕಾರದ ರೊಟ್ಟಿ ಸುಟ್ಟು ಅದರ ಮೇಲೆ ಇಡಿಸುತ್ತಿದ್ದಳು. ಕೊಕ್ಕರೆ ಬರುತ್ತಿತ್ತು, ಒಂದು ಸುತ್ತು ಹಾಕುತ್ತಿತ್ತು, ಹೊಗೆ ಕುಡಿದು ಮುಖ ತಿರುಗಿಸಿ ಎದುರುಮನೆ ಬ್ರೋನೆಕನ ಕಣಜದ ಮೇಲೆ ಇಳಿಯುತ್ತಿತ್ತು. ರೊಟ್ಟಿ ಕಾಗೆಯ ಪಾಲು.

"ನಿನ್ನ ಹೊಗೆಗೆ ದೆವ್ವಾನೂ ಈ ಕಡೆ ಬರಲ್ಲ, ಇನ್ನು ಕೊಕ್ಕರೆ ಬರುತ್ತಾ?" ಎಂದು ಪೋಲ್ಯಾ ನಗುತ್ತಿದ್ದಳು. ನಕ್ಕು ಆದಮೇಲೆ ಸ್ವಲ್ಪ ಹೊತ್ತು ಬ್ರೋನೆಕನ ಕಣಜದ ಕಡೆ ನೋಡುತ್ತಿದ್ದಳು.

ಹಬ್ಬದ ಬೆಳಿಗ್ಗೆ ನೆಲದ ಮೇಲೆ ಇನ್ನೂ ಇಬ್ಬನಿ ಗಟ್ಟಿಯಾಗಿತ್ತು. ಬ್ರೋನೆಕ್ ಒಣ ಸೌದೆಯ ಬುಟ್ಟಿ ಹೊತ್ತು ಬಂದ.

"ಮೇಲಿಂದ ಹಚ್ಚಬೇಕು ಕಣಯ್ಯಾ. ದಪ್ಪ ಸೌದೆ ಕೆಳಗೆ, ಚಕ್ಕೆ ಮೇಲೆ, ಬೆಂಕಿ ತುದಿಗೆ. ಚಿಮಣಿ ಗುಡಿಸೋನು ಅಷ್ಟು ಬಿಡಿಸಿ ಹೇಳಿದ್ನಲ್ಲ!"

ಹೇಳಿದ್ದೇನೋ ನಿಜ. ಆದರೆ ಚಿಮಣಿ ಗುಡಿಸುವವನನ್ನು ಕಂಡೊಡನೆ ಗುಂಡಿ ಹಿಡಿದರೆ ಅದೃಷ್ಟ ಎಂದು ಊರವರೆಲ್ಲ ತಮ್ಮ ತಮ್ಮ ಅಂಗಿಯ ಗುಂಡಿ ಹಿಡಿದುಕೊಳ್ಳುವುದರಲ್ಲೇ ಮಗ್ನರಾಗಿದ್ದರು. ಅವನ ಮಾತು ಕಿವಿಗೆ ಹಾಕಿಕೊಂಡವರು ಕಡಿಮೆ.

"ಮೇಲಿಂದ ಬೆಂಕಿಯಾ? ಚಡ್ಡೀನ ತಲೆ ಮೇಲಿಂದ ಹಾಕ್ಕೊಂಡ ಹಾಗಾಯ್ತು," ಎಂದ ಇಗ್ನಾತ್ಸಿ. ಆದರೂ ಹಚ್ಚಿದ. ಬೆಂಕಿ ಮೇಣದಬತ್ತಿಯಂತೆ ನಿಧಾನಕ್ಕೆ ಕೆಳಗಿಳಿಯಿತು. ಚಿಮಣಿಯಲ್ಲಿ ಹೊಗೆ ಇಲ್ಲವೇ ಇಲ್ಲ. ಅವನು ಖುಷಿಯಿಂದ ಒಳ್ಳೆಯ ಕೋಟು ಹಾಕಿಕೊಳ್ಳಲು ಒಳಕೋಣೆಗೆ ಹೋದ.

ಅಷ್ಟರಲ್ಲಿ ಗೇನ್ಯಾ ಬಂದಳು. ದೂರು ಕೊಟ್ಟಿದ್ದಕ್ಕೆ ಅವಳಿಗೆ ಆಗಲೇ ಪಶ್ಚಾತ್ತಾಪವಾಗಿತ್ತು. ಅದಕ್ಕೇ ಹಿಟ್ಟು ನಾದಿ, ಪೋಲ್ಯಾಳ ಹಾಗೇ ಕೊಕ್ಕರೆಪಾದ ಮಾಡಿ, ಇದೇ ಒಲೆಯಲ್ಲಿ ಸುಡೋಣವೆಂದು ತಂದಿದ್ದಳು. ರೊಟ್ಟಿಯನ್ನು ಗೂಡಿಗೆ ಸೇರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಗೇನ್ಯಾ ಹೇಗಾದಾಳು? ಉಪಕಾರ ಪೂರ್ತಿಯಾಗಲೆಂದು ಮೊರದ ತುಂಬ ಆಲೂಗಡ್ಡೆ ಸಿಪ್ಪೆಯನ್ನು ಬೆಂಕಿಗೆ ಸುರಿದಳು.

"ಏನ್ ಹಾಕ್ದೆ ಗೇನ್ಯಾ?" ಇಗ್ನಾತ್ಸಿ ಒಂದೇ ತೋಳು ತೂರಿಸಿದ ಕೋಟಿನಲ್ಲಿ ಓಡಿಬಂದ.

"ಸಿಪ್ಪೆ ಅಣ್ಣಾ. ಚಿಮಣಿ ಮಸಿ ಎಲ್ಲಾ ಬಿಡುತ್ತೆ. ನಮ್ಮಮ್ಮ ಹಾಕ್ತಿದ್ದಳು."

ಮಸಿ ಬಿಟ್ಟಿತೋ ಇಲ್ಲವೋ, ಸಾಸಿವೆ ಬಣ್ಣದ ಹೊಗೆಯಂತೂ ಮದುವೆ ಮೆರವಣಿಗೆಯ ಹಾಗೆ ಹೊರಟಿತು. ಅದೇ ಕ್ಷಣಕ್ಕೆ ಸೇತುವೆಯ ಬಳಿ ಪಂಚಾಯಿತಿ ಕಾರು ಕಾಣಿಸಿತು.

"ಬ್ರೋನೆಕ್! ಹೇಗಾದ್ರೂ ತಡಿಯೋ!"

ಬ್ರೋನೆಕ್ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ತಂದು, ಅದು ಕೆಟ್ಟುಹೋದ ಹಾಗೆ ನಾಟಕ ಆಡಿದ. ನಾಟಕ ಎಷ್ಟು ಚೆನ್ನಾಗಿತ್ತೆಂದರೆ ಟ್ರ್ಯಾಕ್ಟರೂ ಅದನ್ನು ನಂಬಿತು. ಆಮೇಲೆ ನಿಜವಾಗಿಯೂ ಚಾಲೂ ಆಗಲಿಲ್ಲ.

ಇತ್ತ ಇಗ್ನಾತ್ಸಿ ಸಿಪ್ಪೆ, ಕೆಂಡ, ಸೌದೆ ಎಲ್ಲವನ್ನೂ ಕಬ್ಬಿಣದ ಬಕೆಟ್ಟಿಗೆ ಗೋರಿ ಹೊರಗೆ ಸುರಿದ. ಒಳ್ಳೆಯ ಕೋಟಿನ ತೋಳು ಸುಟ್ಟಿತು. ಒಲೆ ಖಾಲಿ, ಬ್ರೋನೆಕನ ಬುಟ್ಟಿಯೂ ಖಾಲಿ. ಉಳಿದಿದ್ದು ಹಿತ್ತಲ ಸೂರಿನ ಕೆಳಗಿನ ಬರ್ಚ್ ಸೌದೆ ಮಾತ್ರ. ಅದನ್ನು ಪೋಲ್ಯಾ ತನ್ನ ಕೊನೆಯ ಶರತ್ಕಾಲದಲ್ಲಿ ಒಂದೊಂದಾಗಿ ಜೋಡಿಸಿದ್ದಳು. ಅವನು ಹಸಿ ಕೊರಡು ಉರಿಸಿ ಊರಿನ ಬೈಗುಳ ತಿಂದಿದ್ದನೇ ಹೊರತು ಅದನ್ನು ಮುಟ್ಟಿರಲಿಲ್ಲ.

ಒಂದು ಗಳಿಗೆ ಸೂರಿನ ಕೆಳಗೆ ಆ ಸೌದೆಯ ಸಾಲಿನ ಮೇಲೆ ಕೈಯಿಟ್ಟು ನಿಂತ.

"ನಿನ್ನ ಒಲೆಗೇ ಕಣೇ," ಎಂದು ಹೇಳಿ ತೋಳಿನ ತುಂಬ ಎತ್ತಿಕೊಂಡು ಹೋಗಿ, ಮೇಲಿಂದಲೇ ಹಚ್ಚಿದ.

ಅಧಿಕಾರಿ ಸಿಕೋರಾ ಕಾರು ಬಿಟ್ಟು, ಕೆಸರಿನಲ್ಲಿ ನಡೆದು, ಮೂಗು ಕೆಂಪಾಗಿ ಬಂದಳು. ಅಂಗಳದಲ್ಲಿ ನಿಂತು ಚಿಮಣಿಯನ್ನು ನೋಡಿಯೇ ನೋಡಿದಳು.

"ಒಲೆ ಹಚ್ಚೇ ಇಲ್ವಲ್ಲ ಯಜಮಾನ್ರೇ?"

"ಒಳಗೆ ಬಂದು ಮುಟ್ಟಿ ನೋಡಮ್ಮ."

ಮುಟ್ಟಿದಳು. ಆಮೇಲೆ ಮೆಲ್ಲಗೆ ಬೆನ್ನು ಆನಿಸಿದಳು. ಕಣ್ಣು ತಾನಾಗಿ ಮುಚ್ಚಿತು. "ನಮ್ಮಜ್ಜಿ ಮನೇಲೂ ಇಂಥದ್ದೇ ಇತ್ತು," ಎಂದಳು. "ಒಡೆಸಿಬಿಟ್ರು." ನಂತರ ಕರ್ತವ್ಯ ನೆನಪಾಗಿ, ಸೌದೆಗೆ ತೇವ ಅಳೆಯುವ ಮುಳ್ಳು ಚುಚ್ಚಿ ನೋಡಿ, ಪರವಾನಗಿಗೆ ಮೊಹರು ಒತ್ತಿದಳು.

ಗೇನ್ಯಾ ಕಣ್ಣೊರೆಸಿಕೊಂಡು ಗೂಡಿನಿಂದ ರೊಟ್ಟಿ ತೆಗೆದಳು. ಇಗ್ನಾತ್ಸಿ ಹಿಂದೆಮುಂದೆ ನೋಡದೆ, ಪ್ರತಿವರ್ಷ ಪೋಲ್ಯಾ ಕೂಗಿ ಹತ್ತಿಸುತ್ತಿದ್ದ ಹಾಗೆ, ತಾನೇ ಏಣಿ ಹತ್ತಿ ಅದನ್ನು ಚಕ್ರದ ಮೇಲಿಟ್ಟು ಬಂದ.

ಎಲ್ಲರೂ ಕೂತು ಕುಡಿಯುತ್ತಿದ್ದ ಚಹಾ ಇನ್ನೂ ಅರ್ಧ ಲೋಟ ಇತ್ತು. ಮೇಲಿನಿಂದ ಕಟಕಟಕಟ ಎಂದು ಸದ್ದು ಕೇಳಿತು, ಮರದ ಗಿಲಕಿಗಳನ್ನು ಒಟ್ಟಿಗೆ ಅಲ್ಲಾಡಿಸಿದ ಹಾಗೆ. ಎಲ್ಲರೂ ಹೊರಗೋಡಿದರು.

ಚಕ್ರದ ಮೇಲೆ ಕೊಕ್ಕರೆ! ಹೊಗೆಯಿಲ್ಲದ ಬಿಸಿಗಾಳಿಗೆ ಹೊಟ್ಟೆ ಕಾಯಿಸಿಕೊಳ್ಳುತ್ತ, ಒಂಟಿಕಾಲಲ್ಲಿ, ಮಾವನ ಮನೆಗೆ ಬಂದ ಅಳಿಯನಂತೆ ನಿಂತಿತ್ತು. ನೋಡನೋಡುತ್ತಿದ್ದಂತೆ ಅದರ ಜೋಡಿಯೂ ಒಂದು ಕಡ್ಡಿ ಕಚ್ಚಿಕೊಂಡು ಬಂದಿಳಿಯಿತು. ಗೇನ್ಯಾ ಶಿಲುಬೆ ಗುರುತು ಹಾಕಿಕೊಂಡಳು.

"ಅದು ನನ್ನ ಕೊಕ್ಕರೆ ಕಣಯ್ಯಾ!" ಎಂದ ಬ್ರೋನೆಕ್, ಟ್ರ್ಯಾಕ್ಟರ್ ಬಿಟ್ಟು ಓಡಿಬಂದು ಎಣ್ಣೆ ಮೆತ್ತಿದ ಕೈ ಮೇಲೆತ್ತಿ.

ಸಿಕೋರಾಳ ಮುಖ ಮಾತ್ರ ಬಾಡಿತು. "ಯಜಮಾನ್ರೇ... ಹೇಗೆ ಹೇಳ್ಲಿ. ಕೊಕ್ಕರೆ ಗೂಡು ಕಟ್ಟೋಕೆ ಶುರುಮಾಡಿದ ಚಿಮಣಿ ಕೆಳಗೆ ಬೆಂಕಿ ಹಾಕೋ ಹಾಗಿಲ್ಲ. ಗೂಡನ್ನ ಮುಟ್ಟೋ ಹಾಗೂ ಇಲ್ಲ."

"ಎಲ್ಲೀವರೆಗೆ?"

"ಅವು ಹಾರಿಹೋಗೋವರೆಗೆ."

"ಆಗಸ್ಟ್ ಕೊನೇಗೆ ಹೋಗ್ತವೆ," ಎಂದ ಬ್ರೋನೆಕ್, ಕೊಕ್ಕರೆಯ ಹಳೇ ಯಜಮಾನನ ಗತ್ತಿನಲ್ಲಿ.

"ಸರಿ ಬಿಡು, ಚಳಿಗಾಲಕ್ಕೆ ಒಲೆ ಇರುತ್ತಲ್ಲ," ಎಂದ ಇಗ್ನಾತ್ಸಿ. "ಈ ಪರವಾನಗಿ ಎಲ್ಲೀತನಕ ನಡೆಯುತ್ತಮ್ಮ?"

ಸಿಕೋರಾ ನೆಲ ನೋಡಿದಳು. "ಮೊದಲನೇ ಸಲ ಕೊಡೋದು... ಆಗಸ್ಟ್ ಕೊನೇತನಕ. ಅದು ಮುಗಿಯೋದ್ರೊಳಗೆ ಇನ್ನೊಂದು ಸಲ ಉರಿಸಿ ತೋರಿಸ್ಬೇಕು."

"ಗೂಡು ಇರೋ ಚಿಮಣಿಯಲ್ಲಾ?"

ಸಿಕೋರಾ ಮೊಹರನ್ನು ಚೀಲದೊಳಗೆ ಇನ್ನೂ ಆಳಕ್ಕೆ ತುರುಕಿದಳು.

ಮರುದಿನ ಬೆಳಿಗ್ಗೆ ಇಗ್ನಾತ್ಸಿ ಎರಡು ಕೋಟು ತೊಟ್ಟು, ತಣ್ಣಗಾದ ಒಲೆಗೆ ಬೆನ್ನು ಆನಿಸಿ ಕೂತಿದ್ದ. ಮೊಹರು ಬಿದ್ದ ಪರವಾನಗಿ ಎದುರಿನ ಗೋಡೆಯಲ್ಲಿತ್ತು. ಚಿಮಣಿಯೊಳಗಿಂದ ಕಟಕಟ ಸದ್ದು ಇಳಿದು ಬಂತು. ಕಣ್ಣು ಮುಚ್ಚಿ ಕೇಳಿದರೆ ಥೇಟ್ ಪೋಲ್ಯಾ ನಕ್ಕ ಹಾಗೇ ಇತ್ತು.

"ಗೆದ್ದೆಯಲ್ಲೇ," ಎಂದ ಅವನು. ತಣ್ಣನೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

ಅಷ್ಟರಲ್ಲಿ ಬೇಲಿಯಾಚೆಯಿಂದ ಗೇನ್ಯಾಳ ದನಿ ಸಿಡಿಯಿತು.

"ಇಗ್ನಾತ್ಸಿಯಣ್ಣಾ! ಬಾ ಹೊರಗೆ! ನಿನ್ನ ಕೊಕ್ಕರೆ ನನ್ನ ಬಿಳೀ ಬಟ್ಟೆ ಮೇಲೆಲ್ಲಾ ಏನ್ ಮಾಡಿದೆ ನೋಡು ಬಾ! ಪಂಚಾಯಿತಿಗೆ ಹೊರಟೆ ನಾನು!"